ಮಿಲ್ಟ್ರಿಯಿಂದ ಬಂದವರು ಎಂಎಲ್‌ಎ ಚುನಾವಣೆಗೆ ನಿಂತರೆ ಏನಾಗುತ್ತದೆ? ನಿಂತು ಸೋತವರು ಇದ್ದರೆ ದಯವಿಟ್ಟು ಹೇಳಿ

ಪ್ರಶ್ನೆ ಕೇಳಿದವರು: ಹುನಗುಂದ ಕಡೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ಜಿಲ್ಲೆಯ ಹುನಗುಂದ ಕಡೆಯವರು. ನಮ್ಮ ಯಜಮಾನರು 26 ವರ್ಷ ಸೇನೆಯಲ್ಲಿದ್ದು 2022ರಲ್ಲಿ ನಾಯಬ್ ಸುಬೇದಾರ್ ಆಗಿ ಮನೆಗೆ ಬಂದರು. ಬಂದ ದಿನ ಊರವರು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ಹಲಗೆ, ಡೊಳ್ಳು, ಗುಲಾಲು. ಶಾಲೆ ಮಕ್ಕಳು ಧ್ವಜ ಹಿಡಿದು ರಸ್ತೆಯ ಎರಡೂ ಕಡೆ ನಿಂತಿದ್ದರು. ನನಗೂ ಕಣ್ಣು ತುಂಬಿ ಬಂದಿತ್ತು.

ಅವತ್ತಿನಿಂದ ಅವರ ತಲೆಯಲ್ಲಿ ಒಂದೇ ಮಾತು. 2028ಕ್ಕೆ ಎಂಎಲ್‌ಎ ಚುನಾವಣೆಗೆ ಪಕ್ಷೇತರರಾಗಿ ನಿಲ್ಲಬೇಕು, ಊರಿಗೆ ಏನಾದರೂ ಮಾಡಬೇಕು ಅಂತ. ಈಗ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ ಇದೆ. ಅದನ್ನು ಬಿಟ್ಟು ಈಗಿನಿಂದಲೇ ಓಡಾಡುತ್ತೇನೆ ಎನ್ನುತ್ತಾರೆ. ಗೆಳೆಯರು "ನೀ ನಿಂತ್ರ ಗೆದ್ದಂಗ" ಅಂತ ಹೇಳುತ್ತಿದ್ದಾರೆ. ಫಂಡಿನ ದುಡ್ಡು ಎಫ್‌ಡಿಯಲ್ಲಿದೆ. ಮಗಳು ಪಿಯುಸಿ ಎರಡನೇ ವರ್ಷ. ಹಳೆ ಮನೆಯ ಮಾಳಿಗೆ ಮಳೆಗಾಲದಲ್ಲಿ ಸೋರುತ್ತದೆ.

ನಾನು ಬೇಡ ಅನ್ನುತ್ತಿಲ್ಲ. ಅವರು ಒಳ್ಳೆಯ ಮನುಷ್ಯ, ಒಂದು ರೂಪಾಯಿ ಮುಟ್ಟುವವರಲ್ಲ. ಆದರೆ ನಿಜ ಏನು ಅಂತ ನನಗೆ ತಿಳಿಯಬೇಕು. ಎಷ್ಟು ಖರ್ಚಾಗುತ್ತದೆ? ಪಿಂಚಣಿಗೆ ತೊಂದರೆ ಆಗುತ್ತದಾ? ಸೋತರೆ ಊರಲ್ಲಿ ಹೇಗೆ ತಲೆ ಎತ್ತಿ ಓಡಾಡುವುದು? ಯಾರಾದರೂ ನಿಂತವರೇ ಹೇಳಿದರೆ ಅವರಿಗೆ ಓದಿ ಹೇಳುತ್ತೇನೆ.

ಉತ್ತರ 1: ಇಂಡಿ ತಾಲ್ಲೂಕಿನ ವಕೀಲ

ಅಕ್ಕಾರೇ, ಕಾನೂನಿನ ಮಾತು ಮಾತ್ರ ನಾನು ಹೇಳುತ್ತೇನೆ. ಚುನಾವಣೆಗೆ ನಿಂತ ಕಾರಣಕ್ಕೆ ಸೇನೆಯ ಪಿಂಚಣಿ ನಿಲ್ಲುವುದಿಲ್ಲ. ಆ ಭಯ ಬಿಡಿ. ವಯಸ್ಸು 25 ತುಂಬಿರಬೇಕು, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕು. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬರು ಸಾಕು.

ಚಲಾವಣೆಯಾದ ಸಿಂಧು ಮತದಲ್ಲಿ ಆರನೇ ಒಂದು ಪಾಲಿಗಿಂತ ಜಾಸ್ತಿ ಬರದಿದ್ದರೆ ಠೇವಣಿ ಹೋಗುತ್ತದೆ. ಒಂದೂವರೆ ಲಕ್ಷ ಮತ ಬಿದ್ದರೆ 25 ಸಾವಿರ ದಾಟಬೇಕು. ಖರ್ಚಿನ ಮಿತಿ 2022ರಿಂದ 40 ಲಕ್ಷ. ಗೆಲ್ಲಲಿ ಸೋಲಲಿ, ಫಲಿತಾಂಶ ಬಂದ 30 ದಿನದಲ್ಲಿ ಖರ್ಚಿನ ಲೆಕ್ಕ ಕೊಡಲೇಬೇಕು. ಕೊಡದೆ ಇದ್ದರೆ ಮೂರು ವರ್ಷ ಅನರ್ಹ ಮಾಡಬಹುದು. ಸೋತವರು ತುಂಬಾ ಜನ ಇದನ್ನು ಮರೆಯುತ್ತಾರೆ.

ಉತ್ತರ 2: ಸವದತ್ತಿ ಕಡೆಯ ಮಾಜಿ ಸುಬೇದಾರ್

ತಂಗೀ, ನಾನು ನಿಂತು ಸೋತವನು. ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯಿತು. ಬರೆಯಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿದ್ದೆ. ನಮ್ಮ ಮನೆಯವಳು "ಆ ಹೆಣ್ಣುಮಗಳು ಕೇಳಿದ್ದನ್ನ ನಾ ಆಗ ಯಾರನ್ನ ಕೇಳಬೇಕಿತ್ತು, ಬರೀರಿ" ಅಂದಳು. ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಊರು ಮಲಪ್ರಭಾ ದಂಡೆಯ ಮೇಲಿದೆ. 1990ರಲ್ಲಿ ಬೆಳಗಾವಿ ಕ್ಯಾಂಪ್‌ನ ಮರಾಠಾ ಸೆಂಟರ್‌ನಲ್ಲಿ ಭರ್ತಿ ಆದೆ. 28 ವರ್ಷ ನೌಕರಿ ಮಾಡಿ 2018ರಲ್ಲಿ ಸುಬೇದಾರ್ ಆಗಿ ಊರಿಗೆ ಬಂದೆ. 2023ರಲ್ಲಿ ಪಕ್ಷೇತರನಾಗಿ ನಿಂತೆ. ನನಗೆ ಬಿದ್ದ ಮತ 1,186. ನಮ್ಮ ಊರಿನಲ್ಲೇ 1,900 ಮತದಾರರಿದ್ದಾರೆ. ಅದರಲ್ಲಿ ನನಗೆ ಬಂದದ್ದು 143.

ಈ ಲೆಕ್ಕವನ್ನು ಮೊದಲೇ ಹೇಳಿಬಿಟ್ಟೆ. ಯಾಕೆಂದರೆ "ನಿಂತರೆ ಗೆದ್ದ ಹಾಗೆ" ಅನ್ನುವ ಗೆಳೆಯರು ನನಗೂ ಇದ್ದರು. ಅವರೇನು ಸುಳ್ಳು ಹೇಳುವವರಲ್ಲ. ಪ್ರೀತಿಯಿಂದಲೇ ಹೇಳಿದ್ದರು.

ನನಗೂ ಜೀಪಿನ ಮೆರವಣಿಗೆ ಆಗಿತ್ತು. ಆದರೆ ಚುನಾವಣೆಯ ಯೋಚನೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಆ ಪ್ರವಾಹ ಬೆಳಗಾವಿ, ಬಾಗಲಕೋಟೆಯವರು ಯಾರೂ ಮರೆಯುವುದಿಲ್ಲ. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರು. ರಾತ್ರಿ ಹೊಳೆ ಓಣಿಗೆ ಎದೆ ಮಟ್ಟ ನೀರು ಬಂತು. ನಾನು, ಆರು ಹುಡುಗರು, ಲಾರಿ ಟ್ಯೂಬು, ಎತ್ತಿನ ಬಂಡಿಯ ಹಗ್ಗ. ಬೆಳಗಾಗುವುದರೊಳಗೆ 40 ಜನರನ್ನು ಮೇಲಿನ ಶಾಲೆಗೆ ಮುಟ್ಟಿಸಿದೆವು. ಒಬ್ಬ ಮುದುಕಿಯನ್ನು ಹೊರಸಿನ ಮೇಲೆ ಮಲಗಿಸಿಯೇ ಹೊತ್ತು ತಂದೆವು. ಆಕೆ ನನ್ನ ಕೈ ಹಿಡಿದು "ನೀ ನಮ್ಮಪ್ಪ" ಅಂದಳು. ಆ ಮಾತು ನನ್ನ ಒಳಗೆ ಹೋಗಿ ಕುಳಿತಿತು. ಈ ಜನ ನನ್ನ ಕೈ ಬಿಡುವುದಿಲ್ಲ ಅಂತ ಆವತ್ತೇ ನಂಬಿದೆ.

2023ರಲ್ಲಿ ಆ ಓಣಿಯವರು ಮತ ಹಾಕುವ ಮತಗಟ್ಟೆಯಲ್ಲಿ ನನಗೆ ಬಂದದ್ದು 11 ಮತ.

ಇದು ಯಾಕೆ ಹಾಗಾಯಿತು ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ನೀರು ಇಳಿದ ಮೇಲೆ ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವರ್ಗ ಮಾಡಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಸಿ ಅಂತ ಬರೆದರೆ 50 ಸಾವಿರ. ಹೊಳೆ ಓಣಿಯ ತುಂಬಾ ಮನೆಗಳಿಗೆ ಮೊದಲು ಸಿ ಬರೆದಿದ್ದರು. ಮಣ್ಣಿನ ಗೋಡೆ ಒಳಗಿಂದ ನೆನೆದು ನಿಂತಿತ್ತು, ಹೊರಗೆ ಕಾಣುತ್ತಿರಲಿಲ್ಲ. ಆಗ ನಮ್ಮ ಪಂಚಾಯ್ತಿಯ ಒಬ್ಬ ಸದಸ್ಯ ಆ ಕಾಗದ ಹಿಡಿದು ಓಡಾಡಿದ. ಇಂಜಿನಿಯರ್ ಹತ್ತಿರ, ಊರಿನ ಕಂದಾಯ ಲೆಕ್ಕ ನೋಡುವ ತಲಾಠಿ ಹತ್ತಿರ, ತಹಶೀಲ್ದಾರ್ ಕಚೇರಿಗೆ. ಮತ್ತೆ ಫೋಟೋ, ಮತ್ತೆ ಅರ್ಜಿ. ಹನ್ನೊಂದು ತಿಂಗಳು ಓಡಾಡಿದ. ಕೆಲವು ಮನೆಗಳ ವರ್ಗ ಬದಲಾಯಿತು. ಚುನಾವಣೆಯಲ್ಲಿ ಅವನು ಒಂದು ಪಕ್ಷದ ಜೊತೆ ಇದ್ದ. ಅವನು ಹೇಳಿದ ಕಡೆ ಓಣಿ ಹೋಯಿತು.

ನಾನು ಅವರ ಜೊತೆ ಇದ್ದದ್ದು ಒಂದು ರಾತ್ರಿ. ಅವನು ಇದ್ದದ್ದು ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳು ನಾನು ಎಲ್ಲಿದ್ದೆ? ನಮ್ಮ ಮನೆ ಕಟ್ಟಿಸುತ್ತಿದ್ದೆ. ಸಿಮೆಂಟು, ಕಬ್ಬಿಣ ಅಂತ ಸವದತ್ತಿಗೆ ಹೋಗಿ ಬರುತ್ತಿದ್ದೆ. ದಾರಿಯಲ್ಲಿ ಸಿಕ್ಕರೆ "ಹ್ಯಾಂಗದೀರಿ" ಅಂತ ಕೇಳುತ್ತಿದ್ದೆ. ಅಷ್ಟೇ. ಆ ಓಣಿಯವರು ತಪ್ಪು ಮಾಡಿದರು ಅಂತ ಈಗ ನನಗೆ ಅನ್ನಿಸುವುದಿಲ್ಲ.

ಇನ್ನು ಚುನಾವಣೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ನಿಮ್ಮ ಯಜಮಾನರಿಗೆ ಇದು ಗೊತ್ತಿರಬೇಕು.

2023ರ ಮಾರ್ಚ್ 29ಕ್ಕೆ ಚುನಾವಣೆ ಘೋಷಣೆ ಆಯಿತು. ನಾಮಪತ್ರ ಏಪ್ರಿಲ್ 13ರಿಂದ 20. ನಾನು 19ಕ್ಕೆ ಕೊಟ್ಟೆ. ಹತ್ತು ಸೂಚಕರು ಅಂದರೆ ಸುಲಭ ಅಂದುಕೊಂಡಿದ್ದೆ. ಹಿಂದಿನ ರಾತ್ರಿ ಇಬ್ಬರು ಮನೆಗೆ ಬಂದರು. "ಕಾಕಾ, ನನ್ನ ಹೆಸರು ಬ್ಯಾಡ, ಮಗನ ಕೆಲಸಕ್ಕ ತೊಂದ್ರಿ ಆಗ್ತದ" ಅಂತ ಒಬ್ಬ. ಇನ್ನೊಬ್ಬ ಏನೂ ಹೇಳಲಿಲ್ಲ, ತಲೆ ತಗ್ಗಿಸಿ ನಿಂತ. ರಾತ್ರಿ 11ಕ್ಕೆ ಬೇರೆ ಇಬ್ಬರನ್ನು ಹುಡುಕಿದೆ. ನಿಮ್ಮವರು ಹದಿನೈದು ಜನರನ್ನು ಗೊತ್ತು ಮಾಡಿಕೊಂಡಿರಲಿ.

ಏಪ್ರಿಲ್ 24 ನಾಮಪತ್ರ ಹಿಂದಕ್ಕೆ ತೆಗೆದುಕೊಳ್ಳುವ ಕೊನೆ ದಿನ. ಪಕ್ಷೇತರರಿಗೆ ಚಿಹ್ನೆ ಸಿಗುವುದು ಅದರ ನಂತರವೇ. ಮೂರು ಚಿಹ್ನೆ ಕೇಳಿದ್ದೆ. ಮೂರನೆಯದು ಸಿಕ್ಕಿತು, ಹೊಲಿಗೆ ಯಂತ್ರ. ಮೇ 8ರ ಸಂಜೆ 6ಕ್ಕೆ ಪ್ರಚಾರ ಬಂದ್. ಲೆಕ್ಕ ಹಾಕಿ ತಂಗಿ. ಹದಿನಾಲ್ಕು ದಿನ. ಇನ್ನೂರಕ್ಕೂ ಜಾಸ್ತಿ ಮತಗಟ್ಟೆ. ಪಕ್ಷದವರ ಚಿಹ್ನೆ ಜನ ಹುಟ್ಟಿದಾಗಿನಿಂದ ನೋಡಿರುತ್ತಾರೆ. ನಮ್ಮ ಚಿಹ್ನೆಯನ್ನು ಹದಿನಾಲ್ಕು ದಿನದಲ್ಲಿ ಎರಡು ಲಕ್ಷ ಜನರಿಗೆ ತೋರಿಸಬೇಕು. ನಾನು ನಿಂತವರಲ್ಲಿ ಒಬ್ಬ ಅಂತಲೇ ಕೆಲವು ಹಳ್ಳಿಗಳಿಗೆ ಗೊತ್ತಾಗಲಿಲ್ಲ. ಮತಯಂತ್ರದಲ್ಲಿ ಫೋಟೋ ಇರುತ್ತದೆ ನಿಜ. ಆದರೆ ಆ ಫೋಟೋ ಯಾರದು ಅಂತ ಮೊದಲೇ ತಿಳಿದಿರಬೇಕಲ್ವಾ.

ಫೋಟೋ ಅಂದ ಮೇಲೆ ಇನ್ನೊಂದು ಮಾತು. ನಾನು ಮೊದಲು ಸಮವಸ್ತ್ರ, ಪದಕ ಹಾಕಿಕೊಂಡ ಫೋಟೋ ಇಟ್ಟು ಐದು ಸಾವಿರ ಕರಪತ್ರ ಮಾಡಿಸಿದ್ದೆ. ವಕೀಲರೊಬ್ಬರು ನೋಡಿ ನಿಲ್ಲಿಸಿದರು. ಸೇನೆಯವರ ಫೋಟೋವನ್ನು ಪ್ರಚಾರಕ್ಕೆ ಬಳಸಬೇಡಿ ಅಂತ ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಹೇಳಿದೆ, 2019ರ ಮಾರ್ಚ್‌ನಲ್ಲಿ ಮತ್ತೆ ಹೇಳಿದೆ. ನಾನು ಆ ಐದು ಸಾವಿರವನ್ನೂ ಹಂಚಲಿಲ್ಲ. ಬಿಳಿ ಅಂಗಿಯ ಫೋಟೋ ಹಾಕಿ ಹೊಸದು ಮಾಡಿಸಿದೆ. ಸೇನೆ ಯಾವ ಪಕ್ಷದ್ದೂ ಅಲ್ಲ, ಯಾವ ಅಭ್ಯರ್ಥಿಯದೂ ಅಲ್ಲ. ಆ ನಿಯಮ ಸರಿ ಇದೆ. ಮೊದಲೇ ನನಗೇ ತಿಳಿಯಬೇಕಿತ್ತು. ಕರಪತ್ರದ ಮೇಲೆ ಮುದ್ರಣ ಮಾಡಿದವರ ಹೆಸರು, ವಿಳಾಸ ಇರಲೇಬೇಕು, ಅದನ್ನೂ ನೆನಪಿಡಿ.

ಏಪ್ರಿಲ್, ಮೇ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಬೆಳಗ್ಗೆ 5ಕ್ಕೆ ಹೊರಟು ಹತ್ತರೊಳಗೆ ನಾಲ್ಕು ಹಳ್ಳಿ, ಸಂಜೆ ಮತ್ತೆ ನಾಲ್ಕು. ಎಲ್ಲಿ ಹೋದರೂ ಚಹಾ ಕೊಟ್ಟರು. ಹೆಣ್ಣುಮಕ್ಕಳು ಆರತಿ ಮಾಡಿದರು. ಒಂದು ಊರಲ್ಲಿ ಶಾಲೆ ಹುಡುಗ ಅಟೆನ್ಷನ್‌ನಲ್ಲಿ ನಿಂತು ಸೆಲ್ಯೂಟ್ ಹೊಡೆದ. ಒಬ್ಬರೂ ಕೆಟ್ಟ ಮಾತು ಆಡಲಿಲ್ಲ. ಅದರಿಂದಲೇ ನನಗೆ ತಪ್ಪು ತಿಳಿವಳಿಕೆ ಆಯಿತು.

ಯರಗಟ್ಟಿ ಕಡೆಯ ಒಂದು ಹಳ್ಳಿಯಲ್ಲಿ ಮಾತ್ರ ಒಬ್ಬ ಹಿರಿಯರು ನಿಜ ಹೇಳಿದರು. ಗುಡಿ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಅಂದರು: "ಸಾಹೇಬ್ರ, ನಿಮಗ ಕೈ ಮುಗಿತೀವಿ. ಆದ್ರ ನಾಳೆ ಕಚೇರಿಯೊಳಗ ನನ್ನ ಉತಾರದ ಕೆಲಸ ನಿಂತ್ರ ನೀವು ಯಾರಿಗೆ ಫೋನ್ ಮಾಡ್ತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ದಾಗ ನಮ್ಮ ಪೋಸ್ಟ್ ಸುತ್ತ ಯಾವ ಮನೆಯಲ್ಲಿ ಎಷ್ಟು ಜನ ಅಂತ ನನಗೆ ಬಾಯಿಪಾಠ ಇತ್ತು. ಸವದತ್ತಿ ಕಚೇರಿಯಲ್ಲಿ ಉತಾರದ, ಅಂದರೆ ಹೊಲದ ಪಹಣಿಯ, ಟೇಬಲ್ಲು ಯಾವುದು ಅಂತ ಗೊತ್ತಿರಲಿಲ್ಲ. 28 ವರ್ಷ ನಾವು ಊರಲ್ಲಿ ಇರಲಿಲ್ಲ ತಂಗಿ. ವರ್ಷಕ್ಕೆ ಎರಡು ತಿಂಗಳು ರಜೆ, ಅದರಲ್ಲಿ ಮದುವೆ, ಎಲ್ಲಮ್ಮನ ಗುಡ್ಡ, ಹೊಲ. ನಾವು ಇಲ್ಲದೇ ಇರುವಾಗ ಊರು ತನ್ನ ಕೆಲಸಕ್ಕೆ ಯಾರನ್ನು ಕೇಳಬೇಕು ಅಂತ ಕಲಿತುಬಿಟ್ಟಿರುತ್ತದೆ. ಅದನ್ನು ಹದಿನಾಲ್ಕು ದಿನದಲ್ಲಿ ಬದಲಿಸಲು ಆಗುವುದಿಲ್ಲ.

ಮರಾಠಾ ರೆಜಿಮೆಂಟ್ ಅಂದ ಕೂಡಲೇ "ನೀವು ಯಾವ ಕಡೆಯವರು" ಅಂತ ಕೇಳಿದವರೂ ಇದ್ದರು. ಬೆಳಗಾವಿ ಜಿಲ್ಲೆಯಲ್ಲಿ ಈ ಪ್ರಶ್ನೆ ಬರುತ್ತದೆ. ಆ ರೆಜಿಮೆಂಟಿನಲ್ಲಿ ಕನ್ನಡದ ಹುಡುಗರು ಎಷ್ಟೋ ಜನ ಇದ್ದಾರೆ. ಒಂದೇ ಬಂಕರ್‌ನಲ್ಲಿ ಕನ್ನಡ, ಮರಾಠಿ ಎರಡೂ ಮಾತಾಡಿ ಬದುಕಿದವರು ನಾವು. ಹಾಗಂತ ಹೇಳಿದೆ, ಮುಂದಕ್ಕೆ ಹೋದೆ.

ಮಾಜಿ ಸೈನಿಕರ ಮತ ಎಲ್ಲ ನಮಗೇ ಅಂತ ನಿಮ್ಮವರು ಲೆಕ್ಕ ಹಾಕಿರಬಹುದು. ನಾನೂ ಹಾಕಿದ್ದೆ. ಮಿಲ್ಟ್ರಿಯವರದು ಅಂತ ಒಂದು ಓಣಿ ಇರುವುದಿಲ್ಲ. ಅವರೂ ಒಂದು ಮನೆಯವರು, ಒಂದು ಜಾತಿಯವರು, ಯಾರದೋ ಬೀಗರು. ಒಬ್ಬ ಹಳೆಯ ಗೆಳೆಯ, ಒಟ್ಟಿಗೆ ಸಿಯಾಚಿನ್ ನೋಡಿದವನು, ಬೇರೆಯವರ ಪರವಾಗಿ ಓಡಾಡಿದ. ಅವನ ಮಾವ ಆ ಪಕ್ಷದಲ್ಲಿದ್ದರು. ಎರಡು ವರ್ಷ ನಾನು ಅವನ ಜೊತೆ ಮಾತು ಬಿಟ್ಟೆ. ಅದು ನನ್ನ ತಪ್ಪು. ಈಗ ಮಾತಾಡುತ್ತೇವೆ.

ಮತದಾನದ ದಿನ ಏಜೆಂಟರ ಕೆಲಸ ದೊಡ್ಡದು. ಮತದಾನ 7ಕ್ಕೆ ಶುರು ಆದರೂ ಅದಕ್ಕೆ ಒಂದೂವರೆ ಗಂಟೆ ಮೊದಲು, ಬೆಳಗ್ಗೆ 5.30ಕ್ಕೆ, ಅಣಕು ಮತದಾನ ಇರುತ್ತದೆ. ಕನಿಷ್ಠ 50 ಮತ ಒತ್ತಿ ಯಂತ್ರ ಪರೀಕ್ಷೆ ಮಾಡುತ್ತಾರೆ. ಆಗ ನಮ್ಮವರು ಅಲ್ಲಿರಬೇಕು. ಸಂಜೆ ಆ ಮತಗಟ್ಟೆಯಲ್ಲಿ ಬಿದ್ದ ಮತದ ಲೆಕ್ಕ ಇರುವ 17ಸಿ ಫಾರಂ ಕೈಗೆ ಪಡೆದೇ ಏಳಬೇಕು. ನನಗೆ ಏಜೆಂಟರು ಸಿಕ್ಕಿದ್ದು 31 ಮತಗಟ್ಟೆಗೆ ಮಾತ್ರ. ಉಳಿದ ಕಡೆ ನಮ್ಮವರು ಅಂತ ಒಬ್ಬರೂ ಇರಲಿಲ್ಲ.

ಹಿಂದಿನ ರಾತ್ರಿ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ನಾನು ಹಂಚಲಿಲ್ಲ. ಹಂಚಬೇಕಿತ್ತು ಅಂತ ಇವತ್ತಿಗೂ ಅನ್ನಿಸಿಲ್ಲ. ನಿಮ್ಮವರೂ ಹಂಚುವುದು ಬೇಡ.

ಮೇ 13ಕ್ಕೆ ಬೆಳಗಾವಿಯ ಆರ್‌ಪಿಡಿ ಕಾಲೇಜಿನಲ್ಲಿ ಎಣಿಕೆ. ಮೂರನೇ ಸುತ್ತಿಗೆ ಗೊತ್ತಾಯಿತು. ಪಕ್ಕದಲ್ಲಿದ್ದ ಪಕ್ಷೇತರರು ಎದ್ದು ಹೋದರು. ನಾನು ಕೊನೆಯ ಸುತ್ತಿನ ತನಕ ಕುಳಿತೆ. ಪೋಸ್ಟ್ ಬಿಟ್ಟು ಹೋಗುವುದು ನನಗೆ ಬರುವುದಿಲ್ಲ. ಗೆದ್ದವರಿಗೆ ಕೈ ಕೊಟ್ಟು ಬಸ್ ಹತ್ತಿದೆ.

ಖರ್ಚು ಒಟ್ಟು 7 ಲಕ್ಷ 86 ಸಾವಿರ. ಜಾಸ್ತಿ ಹೋದದ್ದು ಎರಡು ಜೀಪಿನ ಬಾಡಿಗೆ, ಡೀಸೆಲ್ಲು, ಹುಡುಗರ ಊಟ. ಇದಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಡುವ ಹಾಗಿಲ್ಲ. ಒಂದು ಕಪ್ ಚಹಾಕ್ಕೂ, ಒಂದು ಕುರ್ಚಿಗೂ ಚುನಾವಣಾ ಕಚೇರಿ ದರ ಗೊತ್ತು ಮಾಡಿರುತ್ತದೆ. ಎಫ್‌ಡಿ ಮುರಿಸಿದ್ದು 6 ಲಕ್ಷ. ಉಳಿದದ್ದು ಅಳಿಯ ಕೊಟ್ಟ. ಅದನ್ನು ಎರಡು ವರ್ಷದ ಕಬ್ಬಿನ ಬಿಲ್ಲಿನಲ್ಲಿ ತೀರಿಸಿದೆ.

ಆಮೇಲೆ ಆರು ತಿಂಗಳು ನಾನು ಕಟ್ಟೆಗೆ ಹೋಗಲಿಲ್ಲ. ಆಗ ನಮ್ಮ ಹಳೆಯ ಕರ್ನಲ್ ಸಾಹೇಬರು ಫೋನ್ ಮಾಡಿ ಒಂದು ಮಾತು ಹೇಳಿದರು. ಕಾರ್ಯಪ್ಪ ಸಾಹೇಬರು ನಮ್ಮ ಕೊಡಗಿನವರು, ಸೇನೆಯ ಮೊದಲ ಭಾರತೀಯ ಮುಖ್ಯಸ್ಥರು. 1971ರಲ್ಲಿ ಮುಂಬೈ ಈಶಾನ್ಯ ಕ್ಷೇತ್ರದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಅವರೂ ಸೋತರು. ಮೇಜರ್ ಜನರಲ್ ಖಂಡೂರಿ ಉತ್ತರಾಖಂಡದ ಮುಖ್ಯಮಂತ್ರಿ ಆಗಿರುವಾಗಲೇ 2012ರಲ್ಲಿ ಕೋಟ್‌ದ್ವಾರದಲ್ಲಿ ಸೋತರು. ಸೇನಾ ಮುಖ್ಯಸ್ಥರಾಗಿದ್ದ ಜೆ.ಜೆ. ಸಿಂಗ್ ಅವರು 2017ರಲ್ಲಿ ಪಂಜಾಬ್ ವಿಧಾನಸಭೆಗೆ ಪಟಿಯಾಲಾದಿಂದ ನಿಂತು ಅಮರಿಂದರ್ ಸಿಂಗ್ ಎದುರು ಸೋತರು. ಅಮರಿಂದರ್ ಕೂಡ ಸೇನೆಯವರೇ, ಕ್ಯಾಪ್ಟನ್ ಆಗಿದ್ದವರು. ಆದರೆ ಪಟಿಯಾಲಾ ಅವರ ಮನೆ. ಕ್ಯಾಪ್ಟನ್ ಎದುರು ಜನರಲ್ ಸೋತದ್ದು ಅದಕ್ಕೇ. "ಇದರಲ್ಲಿ ಪಟ್ಟಿ ನಕ್ಷತ್ರ ಲೆಕ್ಕಕ್ಕಿಲ್ಲ, ಊಟ ಮಾಡಿ ಹೊರಗೆ ಹೋಗು" ಅಂದರು ಸಾಹೇಬರು.

ಆ ರಾತ್ರಿ ನಾನು ನಮ್ಮ ಕ್ಷೇತ್ರದ ಫಾರಂ 20 ತೆಗೆದು ಕುಳಿತೆ. ಅದರಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಅಂತ ಇರುತ್ತದೆ. ಹೊಳೆ ಓಣಿಯ 11 ನೋಡಿದ್ದು ಆಗಲೇ. ಆದರೆ ಇನ್ನೊಂದನ್ನೂ ನೋಡಿದೆ. ನಾನು ಹೋಗದೇ ಇದ್ದ ಒಂದು ಸಣ್ಣ ಹಳ್ಳಿಯಲ್ಲಿ 64 ಮತ ಬಂದಿತ್ತು. ಯಾಕೆ ಅಂತ ತಿಳಿಯಲಿಲ್ಲ. ಬೈಕ್ ಹತ್ತಿ ಹೋಗಿ ಕೇಳಿದೆ. ಅಲ್ಲಿಯ ಒಬ್ಬ ಹೆಣ್ಣುಮಗಳಿಗೆ, ಯೋಧನ ವಿಧವೆ, ಕುಟುಂಬ ಪಿಂಚಣಿಯ ಕಾಗದ ಸರಿ ಮಾಡಿಕೊಟ್ಟಿದ್ದೆ 2020ರಲ್ಲಿ. ನಾಲ್ಕು ಸಲ ಬೆಳಗಾವಿಗೆ ಕರೆದುಕೊಂಡು ಹೋಗಿದ್ದೆ. ನಾನು ಮರೆತಿದ್ದೆ. ಆಕೆ ಮನೆ ಮನೆಗೆ ಹೋಗಿ ಹೇಳಿದ್ದಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಫ್‌ಡಿ ಮುರಿಸಬೇಡಿ. ಬ್ಯಾಂಕಿನ ಕೆಲಸ ಈಗಲೇ ಬಿಡುವುದು ಬೇಡ. ಮಾಳಿಗೆ ಮೊದಲು ಸರಿ ಮಾಡಿಸಿ. ವಾರಕ್ಕೆ ಒಂದು ರಜೆ ಇರುತ್ತದಲ್ಲ, ಆ ದಿನ ಅವರು ನಾಡ ಕಚೇರಿಗೆ ಹೋಗಿ ಕುಳಿತುಕೊಳ್ಳಲಿ. ಓದು ಬಾರದವರ ಅರ್ಜಿ ಬರೆದುಕೊಡಲಿ. ಆ ಅರ್ಜಿ ಎಲ್ಲಿ ನಿಂತಿದೆ ಅಂತ ಮುಂದಿನ ವಾರ ಕೇಳಲಿ. ನಾನು ಈಗ ಸೋಮವಾರ ಅದನ್ನೇ ಮಾಡುತ್ತಿದ್ದೇನೆ. ಮೊದಲು ಗ್ರಾಮ ಪಂಚಾಯ್ತಿಗೆ ನಿಲ್ಲಲಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಒಂದೆರಡು ಓಣಿಯ ಮಾತು. ಸೇನೆಯಲ್ಲಿ ಯಾರೂ ಭರ್ತಿಯಾದ ದಿನವೇ ಸುಬೇದಾರ್ ಆಗುವುದಿಲ್ಲ, ಅವರಿಗೆ ಹೀಗೆ ಹೇಳಿ.

ಉತ್ತರ 3: ಮುದ್ದೇಬಿಹಾಳದ ರೈತ

ನಾನು ಮತ ಹಾಕುವವರ ಕಡೆಯಿಂದ ಹೇಳುತ್ತೇನೆ. ನಮ್ಮ ಕಡೆಯೂ ಒಬ್ಬ ಮಿಲ್ಟ್ರಿ ಕಾಕಾ ನಿಂತಿದ್ದರು. ನಮ್ಮ ಮನೆಗೆ ಬಂದು ಚಹಾ ಕುಡಿದರು. ನಿಮಗೇ ಹಾಕುತ್ತೇವೆ ಅಂದೆವು. ಹಾಕಲಿಲ್ಲ. ಮನೆಯಲ್ಲಿ ಐದು ಮತ ಇತ್ತು.

ಕಾರಣ ಎರಡು. ಒಂದು, ಅವರು ಗೆಲ್ಲುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು, ಮತ ಸುಮ್ನೆ ಹಾಳಾಗುತ್ತದೆ ಅನ್ನಿಸಿತು. ಎರಡು, ಅಪ್ಪನ ವೃದ್ಧಾಪ್ಯ ವೇತನ ನಿಂತಾಗ ಮಾಡಿಸಿಕೊಟ್ಟವರು ಬೇರೆ ಪಕ್ಷದವರು. ಅವರ ಮುಖ ನೋಡಬೇಕಿತ್ತು. ಸುಬೇದಾರ್ ಸಾಹೇಬರು ಬರೆದದ್ದು ಅಕ್ಷರಕ್ಕೆ ಅಕ್ಷರ ನಿಜ.

ಆದರೆ ಒಂದು ಮಾತು. ಆ ಕಾಕಾ ಈಗ ಬೆಳಗ್ಗೆ 5ಕ್ಕೆ ಊರ ಹುಡುಗರನ್ನು ಓಡಿಸುತ್ತಾರೆ, ಅಗ್ನಿವೀರ್ ಭರ್ತಿಗೆ ತಯಾರಿ. ನನ್ನ ತಮ್ಮನ ಮಗ ಹೋಗುತ್ತಾನೆ. ಹಣ ತೆಗೆದುಕೊಳ್ಳುವುದಿಲ್ಲ. ಮೊದಲ ದಿನ ಹುಡುಗನನ್ನು ಬಿಡಲು ಹೋದಾಗ ನನಗೆ ಅವರ ಮುಖ ನೋಡಲು ಆಗಲಿಲ್ಲ. ಅವರೇ "ಬಾ ತಮ್ಮಾ" ಅಂದರು. ಅವರು ಮತ್ತೆ ನಿಂತರೆ ಈ ಸಲ ಐದೂ ಮತ ಅವರಿಗೇ. ಅದಕ್ಕೆ ಅಕ್ಕಾ, ನಿಲ್ಲಲೇಬಾರದು ಅಂತ ಅವರನ್ನು ತಡೆಯಬೇಡಿ. ನಿಂತಿದ್ದರಿಂದಲೇ ಅವರು ನಮಗೆ ಪರಿಚಯ ಆದದ್ದು.

ಹುನಗುಂದ ಕಡೆಯ ಗೃಹಿಣಿ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಅವರಿಗೆ ಪೂರ್ತಿ ಓದಿ ಹೇಳಿದೆ. ಹೊಳೆ ಓಣಿಯ 11 ಮತ ಅಂದಾಗ "ಇನ್ನೊಮ್ಮೆ ಓದು" ಅಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ನಾನು ನೊಂದುಕೊಂಡರು ಅಂತ ತಿಳಿದೆ. ಮಲಗುವ ಮುಂಚೆ ಕೇಳಿದರು, ನಮ್ಮ ಊರಿನ ತಲಾಠಿ ಹೆಸರೇನು ಅಂತ. ನನಗೆ ಗೊತ್ತಿತ್ತು. ರೇಷನ್ ಕಾರ್ಡಿಗೆ, ಉತಾರಕ್ಕೆ ಇಷ್ಟು ವರ್ಷ ಓಡಾಡಿದವಳು ನಾನೇ ಅಲ್ವಾ.

ಮುಂದಿನ ಭಾನುವಾರ ಮಾಳಿಗೆ ನೋಡಲು ಗೌಂಡಿ ಬರುತ್ತಾನೆ.

ಅಣ್ಣಾರೇ, ಒಂದು ಕೇಳಲಾ? ನಿಮ್ಮ ಮನೆಯವರು ಆಗ ಏನಂದರು? ಅವರಿಗೆ ಮೊದಲಿನಿಂದ ಒಪ್ಪಿಗೆ ಇತ್ತಾ?

ಸವದತ್ತಿ ಕಡೆಯ ಮಾಜಿ ಸುಬೇದಾರ್

ತಂಗೀ, ಅವಳಿಗೆ ಒಪ್ಪಿಗೆ ಇರಲಿಲ್ಲ. ಒಂದು ಸಲ ಹೇಳಿದಳು, ನಾನು ಕೇಳಲಿಲ್ಲ, ಆಮೇಲೆ ಹೇಳಲಿಲ್ಲ. ಆದರೆ ಖರ್ಚಿನ ಲೆಕ್ಕ ಪೂರ್ತಿ ಬರೆದವಳು ಅವಳೇ. ಇನ್ನೂರು ಪುಟದ ನೋಟ್‌ಬುಕ್ಕು. ದಿನದ ತಾರೀಖು, ಯಾರಿಗೆ, ಎಷ್ಟು, ರಸೀದಿ ನಂಬರು. ರಾತ್ರಿ ನಾನು ಎಷ್ಟೇ ಹೊತ್ತಿಗೆ ಬಂದರೂ ಕಿಸೆ ಖಾಲಿ ಮಾಡಿಸಿ ಚೀಟಿ ಎಲ್ಲ ತೆಗೆದು ಬರೆದೇ ಮಲಗುತ್ತಿದ್ದಳು. ಪ್ರಚಾರದ ಸಮಯದಲ್ಲಿ ಮೂರು ಸಲ ಅಧಿಕಾರಿಗಳು ಲೆಕ್ಕ ನೋಡಿದರು, ಒಂದು ರೂಪಾಯಿ ತಪ್ಪು ಸಿಗಲಿಲ್ಲ. 30 ದಿನದೊಳಗೆ ಬೆಳಗಾವಿಗೆ ಹೋಗಿ ಕೊಟ್ಟು ಬಂದೆವು. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಅಷ್ಟೇ ಅತ್ತಳು.

ನೀವು ತಲಾಠಿಯ ಮಾತು ಬರೆದದ್ದು ಅವಳಿಗೆ ಓದಿ ಹೇಳಿದೆ. 28 ವರ್ಷ ನಮ್ಮ ಮನೆಯ ಕಚೇರಿ ಕೆಲಸ ಎಲ್ಲ ಅವಳೇ ಮಾಡಿದ್ದು. ಯಾವ ಟೇಬಲ್ಲು ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಯರಗಟ್ಟಿ ಕಡೆಯ ಆ ಹಿರಿಯರಿಗೆ ಉತ್ತರ ಕೊಡಬಲ್ಲವಳು ಜೀಪಿನಲ್ಲಿ ನನ್ನ ಪಕ್ಕದಲ್ಲಿ ಇರಲಿಲ್ಲ, ಮನೆಯಲ್ಲಿ ಹುಡುಗರಿಗೆ ರೊಟ್ಟಿ ಬಡಿಯುತ್ತಿದ್ದಳು. ಇದು ನನಗೆ ಇವತ್ತೇ ಹೊಳೆದದ್ದು. ಈಗ ಸೋಮವಾರ ಅವಳನ್ನೂ ನಾಡ ಕಚೇರಿಗೆ ಕರೆದುಕೊಂಡು ಹೋಗುತ್ತೇನೆ, ಬರುತ್ತೇನೆ ಅಂದಿದ್ದಾಳೆ.

ನೋಟ್‌ಬುಕ್ಕು ನನ್ನ ಕಪ್ಪು ಟ್ರಂಕಿನಲ್ಲಿದೆ. ನಿಮ್ಮ ಯಜಮಾನರು ಕ್ಯಾಂಟೀನ್ ಸಾಮಾನಿಗೋ ಪಾಲಿಕ್ಲಿನಿಕ್‌ಗೋ ಬೆಳಗಾವಿಗೆ ಬಂದರೆ ನನಗೆ ಮೆಸೇಜ್ ಮಾಡಲಿ, ತಂದು ಕೊಡುತ್ತೇನೆ. ಓದಲು ನೀವೂ ಜೊತೆಗೆ ಬನ್ನಿ.